ರೇಷ್ಮೆ ಸೀಮೆಯ ನುಸಿ: ಕೊಳ್ಳೇಗಾಲ, ಹನೂರು, ಯಳಂದೂರುಗಳ ಆರ್ಥಿಕ ಇತಿಹಾಸದಲ್ಲಿ ಒಂದು ಅಲಕ್ಷಿತ ವಿಷಯ

ಮೈಸೂರು ಸೀಮೆಯ ರೇಷ್ಮೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಹುಳುವಿನಿಂದ ಪ್ರಾರಂಭಿಸಿ, ಗೂಡು ನೂಲುಗಳ ಮಾರ್ಗವಾಗಿ ಸಾಗಿ, ಮಗ್ಗದಲ್ಲಿ ಮುಗಿಸುತ್ತಾರೆ. ಹುಳುವಿಗೆ ಏಕೈಕ ಆಹಾರವಾದ ಹಿಪ್ಪುನೇರಳೆಯ ಸೊಪ್ಪಿಗೆ ಅಂಥ ಬರಹಗಳಲ್ಲಿ ದೊರೆಯುವ ಸ್ಥಾನ ಅಲ್ಪವಾದುದು. ಆ ಸೊಪ್ಪಿನ ರಸವನ್ನು ಹೀರಿ ಬದುಕುವ ಕೀಟಕ್ಕೆ ಸ್ಥಾನವೇ ಇಲ್ಲವೆಂದರೂ ಸಲ್ಲುತ್ತದೆ. ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ಈ ಕೊರತೆಯ ಸ್ವರೂಪವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಕೀಟಶಾಸ್ತ್ರದ ವಿಷಯವನ್ನು ಇತಿಹಾಸದ ಅಧ್ಯಾಪಕನು ಏಕೆ ಕೈಗೆತ್ತಿಕೊಳ್ಳಬೇಕೆಂದು ಕೆಲವರು ಕೇಳಬಹುದು. ಬೆಳೆ ಕೆಟ್ಟಾಗ ಅದರ ಹೊಣೆಯನ್ನು ಯಾರ ಮೇಲೆ ಹೊರಿಸಲಾಯಿತೆಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ. ಕಾಣದ ಕಾರಣವೊಂದು ಕೆಲಸಮಾಡುತ್ತಿದ್ದ ಕಡೆ ಕಾಣುವ ಮನುಷ್ಯರೇ ಆ ಹೊಣೆಯನ್ನು ಹೊರಬೇಕಾಗಿ ಬಂದಿತೆಂಬುದು ನಮ್ಮ ಅಭಿಪ್ರಾಯ.

ಥ್ರಿಪ್ಸ್ ಎಂಬ ಹೆಸರು ಗ್ರೀಕ್ ಭಾಷೆಯದು. ಅಲ್ಲಿ ಅದಕ್ಕೆ ಮರವನ್ನು ಕೊರೆಯುವ ಹುಳು ಎಂಬ ಅರ್ಥವಿತ್ತು. ೧೭೫೮ರಲ್ಲಿ ಲಿನೇಯಸ್ ಪಂಡಿತನು ಆ ಹೆಸರನ್ನು ಈ ಕೀಟಕುಲಕ್ಕೆ ಸ್ಥಿರಪಡಿಸಿದನು. ರೆಕ್ಕೆಯ ಅಂಚಿನಲ್ಲಿ ನೀಳವಾದ ಕೂದಲುಗಳು ಜಾಲರಿಯಂತೆ ಇಳಿಬಿದ್ದಿರುವುದನ್ನು ಗಮನಿಸಿ ೧೮೩೬ರಲ್ಲಿ ಹಾಲಿಡೇ ಎಂಬವನು ಈ ಗಣಕ್ಕೆ ಥೈಸನಾಪ್ಟೆರ, ಎಂದರೆ ‘ಜಾಲರಿರೆಕ್ಕೆಯವು’ ಎಂದು ಹೆಸರಿಟ್ಟನು. ದೇಹದ ಉದ್ದ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ಬಾಯಿಯ ರಚನೆ ವಿಚಿತ್ರವಾದುದು: ಎಡದವಡೆ ಮಾತ್ರ ಬೆಳೆದಿರುತ್ತದೆ, ಬಲದವಡೆ ಲುಪ್ತವಾಗಿರುತ್ತದೆ. ಆ ಒಂದೇ ದವಡೆಯಿಂದ ಎಲೆಯ ಮೇಲ್ಪದರವನ್ನು ಚುಚ್ಚಿ ಸೀಳಿ ಒಸರುವ ರಸವನ್ನು ಅದು ಹೀರುತ್ತದೆ. ತಾಯಿಕೀಟವು ಎಲೆಯ ಅಂಗಾಂಶದೊಳಗೇ ಮೊಟ್ಟೆಯನ್ನು ನೆಡುತ್ತದೆ. ಮರಿಗಳು ಎರಡು ಹಂತಗಳಲ್ಲಿ ಸೊಪ್ಪನ್ನು ತಿಂದು ಬೆಳೆದು, ಬಹುಪಾಲು ನೆಲಕ್ಕಿಳಿದು ಮಣ್ಣಿನಲ್ಲಿ ಕೋಶಾವಸ್ಥೆಯನ್ನು ಕಳೆಯುತ್ತವೆ. ಬೆಚ್ಚನೆಯ ಕಾಲದಲ್ಲಿ ಈ ಚಕ್ರವೆಲ್ಲವೂ ಎರಡು ಮೂರು ವಾರಗಳಲ್ಲಿ ಮುಗಿದುಹೋಗುವುದರಿಂದ ಒಂದು ಬೇಸಗೆಯಲ್ಲಿ ಹಲವು ಪೀಳಿಗೆಗಳು ಹುಟ್ಟಲು ಅವಕಾಶವುಂಟು. ಜೋರು ಮಳೆ ಇವುಗಳನ್ನು ತೊಳೆದುಹಾಕುತ್ತದೆ, ಗಾಳಿ ಹೊತ್ತೊಯ್ದು ಹರಡುತ್ತದೆ.

ಕನ್ನಡದಲ್ಲಿ ಇದಕ್ಕೆ ಪ್ರತ್ಯೇಕವಾದ ಹಳೆಯ ಹೆಸರಿಲ್ಲ. ಕೃಷಿ ಇಲಾಖೆಯ ಪ್ರಕಟಣೆಗಳು ಥ್ರಿಪ್ಸ್ ನುಸಿ ಎಂದು ಕರೆಯುತ್ತವೆ. ‘ನುಸಿ’ ಎಂಬುದು ಕಣ್ಣಿಗೆ ಹುಡಿಯಂತೆ ತೋರುವ ಯಾವ ಜೀವಿಗಾದರೂ ಸಲ್ಲುವ ಮಾತು. ಎಂಟು ಕಾಲುಗಳ ಮೈಟ್ ಸಹ ರೈತನ ಬಾಯಲ್ಲಿ ನುಸಿಯೇ, ಆರು ಕಾಲುಗಳ ಥ್ರಿಪ್ಸ್ ಸಹ ನುಸಿಯೇ. ಇದಕ್ಕೆ ಪ್ರತಿಯಾಗಿ ಎಲೆಯ ಮೇಲೆ ತೋರುವ ಲಕ್ಷಣಗಳಿಗೆ ನಮ್ಮ ಭಾಷೆಯಲ್ಲಿ ಮಾತುಗಳ ಬಡತನವಿಲ್ಲ. ಮೆಣಸಿನಕಾಯಿ ಗಿಡದ ಎಲೆ ಸುರುಟಿಕೊಂಡರೆ ಅದು ಮುಟುರು ರೋಗ. ಪೆಟ್ಟಿಗೆ ಹೆಸರುಂಟು, ಹೊಡೆದವನಿಗೆ ಹೆಸರಿಲ್ಲ. ಗ್ರಾಮದ ಮಟ್ಟದ ದಾಖಲೆಗಳನ್ನು ಓದುವ ವಿದ್ಯಾರ್ಥಿಯು ಈ ಅಂಶವನ್ನು ಮೊದಲಿಗೇ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

ಹಿಪ್ಪುನೇರಳೆಯನ್ನು ಪೀಡಿಸುವ ಥ್ರಿಪ್ಸ್ ಜಾತಿಯನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವನು ಜಪಾನಿನ ನಿವಾ, ವರ್ಷ ೧೯೦೮. ಸ್ಯೂಡೋಡೆಂಡ್ರೋಥ್ರಿಪ್ಸ್ ಮೋರಿ ಎಂಬುದು ಅದರ ಇಂದಿನ ಹೆಸರು. ಇದು ಎಲೆಯ ಕೆಳಮೈಯಲ್ಲಿ ನೆಲೆಸುತ್ತದೆ. ಹಾನಿಗೊಳಗಾದ ಎಲೆಯಲ್ಲಿ ಮೊದಲು ಬೆಳ್ಳಿಯ ಗೀರುಗಳಂಥ ಬಿಳಿಚು ಕಾಣಿಸಿಕೊಂಡು, ಅನಂತರ ಎಲೆ ಹಳದಿಗೂ ಕಂದಿಗೂ ತಿರುಗಿ, ಅಂಚುಗಳು ಮೇಲಕ್ಕೆದ್ದು ದೋಣಿಯ ಆಕಾರವನ್ನು ತಾಳುತ್ತವೆ. ಗಿಡ ಸಾಯುವುದಿಲ್ಲ. ದೂರದಿಂದ ನೋಡುವವನಿಗೆ ತೋಟ ಹಸುರಾಗಿಯೇ ತೋರಬಹುದು. ಆದರೆ ಎಲೆಯೊಳಗಿನ ನೀರೂ ಸಾರವೂ ಕುಗ್ಗಿರುತ್ತವೆ. ರೇಷ್ಮೆಹುಳುವು ತನ್ನ ಜೀವಮಾನದಲ್ಲಿ ನೀರನ್ನು ಪ್ರತ್ಯೇಕವಾಗಿ ಕುಡಿಯುವುದೇ ಇಲ್ಲ. ಅದಕ್ಕೆ ಬೇಕಾದ ತೇವವೆಲ್ಲವೂ ಸೊಪ್ಪಿನಿಂದಲೇ ಬರಬೇಕು. ನಾಲ್ಕು ಜ್ವರಗಳನ್ನು ದಾಟಿ ಐದನೆಯ ಹಂತಕ್ಕೆ ಬಂದ ಹುಳು ತನ್ನ ಒಟ್ಟು ಆಹಾರದ ಬಹುಭಾಗವನ್ನು ಆ ಕೊನೆಯ ಕೆಲವು ದಿನಗಳಲ್ಲಿಯೇ ತಿನ್ನುತ್ತದೆ. ಆ ದಿನಗಳಲ್ಲಿ ನುಸಿ ಹೀರಿದ ಸೊಪ್ಪು ತಟ್ಟೆಗೆ ಬಿದ್ದರೆ ಹುಳು ಸೊರಗುತ್ತದೆ, ಚಂದ್ರಿಕೆಯ ಮೇಲೆ ಕಟ್ಟುವ ಗೂಡು ಹಗುರವಾಗುತ್ತದೆ, ರೋಗವೂ ಸುಲಭವಾಗಿ ತಗಲುತ್ತದೆ. ಪೆಟ್ಟು ಬಿದ್ದುದು ತೋಟದಲ್ಲಿ, ನಷ್ಟ ಕಂಡುಬಂದುದು ಹುಳುವಿನ ಮನೆಯಲ್ಲಿ. ಈ ಸ್ಥಳಾಂತರವೇ ನಮ್ಮ ಇಡೀ ವಾದದ ಕೀಲಿ.

ಇನ್ನು ಪ್ರದೇಶದ ವಿಚಾರ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಕೊಳ್ಳೇಗಾಲದ ಸೀಮೆಯು ಇಂಗ್ಲಿಷರ ಪಾಲಿಗೆ ಬಂದು, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ಈಚೆಗೆ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಅದರೊಳಗೇ ಸೇರಿತ್ತು. ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿಯೇ ಉಳಿದು, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಒಂದೇ ಭಾಷೆ, ಒಂದೇ ಬಗೆಯ ಬೇಸಾಯ, ಪರಸ್ಪರ ಸಂಬಂಧ ಬೆಳೆಸುವ ಮನೆತನಗಳು. ಆದರೆ ಕೆಲವೇ ಮೈಲಿಗಳ ಅಂತರದಲ್ಲಿ ಆಡಳಿತದ ಗಡಿ. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಈ ಗಡಿ ನಿಂತಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯ ರಚನೆಯಾದಾಗ ಎರಡೂ ಆ ಜಿಲ್ಲೆಯ ತಾಲ್ಲೂಕುಗಳಾದುವು. ನುಸಿಗೆ ಗಡಿಯ ಅರಿವಿಲ್ಲ. ಕಡತಕ್ಕೆ ಅದು ಚೆನ್ನಾಗಿ ಗೊತ್ತು. ಆದಕಾರಣ ಒಂದೇ ಕೀಟದ ಕಥೆಯನ್ನು ಹುಡುಕುವವನು ಎರಡು ಬೇರೆ ಬೇರೆ ದಫ್ತರಗಳ ಬಾಗಿಲನ್ನು ತಟ್ಟಬೇಕಾಗುತ್ತದೆ.

ಟಿಪ್ಪು ಸುಲ್ತಾನನು ರೇಷ್ಮೆಯ ಕಸಬನ್ನು ಮೈಸೂರಿನಲ್ಲಿ ನೆಲೆಗೊಳಿಸಿದುದು ಸರ್ವವಿದಿತ. ಬಂಗಾಳದಿಂದ ಹುಳುಗಳನ್ನು ತರಿಸಿದುದನ್ನೂ, ಇಪ್ಪತ್ತೊಂದು ಕೇಂದ್ರಗಳಲ್ಲಿ ಅವುಗಳನ್ನು ಸಾಕುವ ವ್ಯವಸ್ಥೆಯನ್ನು ಯೋಜಿಸಿದುದನ್ನೂ ಅವನು ೧೭೮೬ರಲ್ಲಿ ಬರೆಸಿದ ಪತ್ರಗಳು ತಿಳಿಸುತ್ತವೆ. ಹುಳುವನ್ನು ಹೇಗೆ ಇಡಬೇಕು, ಯಾರು ನೋಡಿಕೊಳ್ಳಬೇಕು ಎಂಬ ಚಿಂತೆ ಅವುಗಳಲ್ಲಿ ಪ್ರಧಾನವಾಗಿದೆ. ಮುಂದೆ ಈ ಕಸಬು ಕಾವೇರಿಯ ಎರಡೂ ಕಡೆ ಹರಡಿತು. ಮದರಾಸು ಆಧಿಪತ್ಯದಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಕಸಬು ಗಣನೀಯವಾಗಿ ಇದ್ದುದು ಬಹುಮಟ್ಟಿಗೆ ಕೊಳ್ಳೇಗಾಲ ತಾಲ್ಲೂಕೊಂದರಲ್ಲಿಯೇ. ಯಳಂದೂರಿನ ಅಗರ, ಮಾಂಬಳ್ಳಿಗಳೂ ರೇಷ್ಮೆಗೆ ಹೆಸರಾದವು. ಸುವರ್ಣಾವತಿಯ ಬಯಲನ್ನು ಬಿಟ್ಟರೆ ತೋಟಗಳು ಹೆಚ್ಚಾಗಿ ಮಳೆಯಾಧಾರದವು. ಪೊದೆಯಂತೆ ಬೆಳೆಸಿದ ಗಿಡಗಳಿಂದ ವರ್ಷಕ್ಕೆ ಐದಾರು ಬಾರಿ ಸೊಪ್ಪು ಬಿಡಿಸಿ, ಶುದ್ಧ ಮೈಸೂರು ತಳಿಯ ಹುಳುವನ್ನು ಬೆಳೆಗೆ ಬೆಳೆ ಎಂಬಂತೆ ಸಾಕುತ್ತಿದ್ದರು. ನೀರಿನ ಆಸರೆಯಿಲ್ಲದ ಗಿಡವು ಮಾಘ ಫಾಲ್ಗುಣಗಳಿಂದ ಮುಂಗಾರಿನ ಮೊದಲ ಹದದವರೆಗೆ ಬಾಡಿಕೊಂಡಿರುವ ಕಾಲವೇ ನುಸಿಗೆ ಸುಗ್ಗಿ. ಬೆಟ್ಟದ ಮರೆಯಲ್ಲಿರುವ ಹನೂರಿನ ಒಣಭೂಮಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಬರ ಮತ್ತು ನುಸಿ ಹೀಗೆ ಒಟ್ಟಿಗೆ ಬರುವುದರಿಂದ ದಾಖಲೆಯಲ್ಲಿ ಬರವು ಉಳಿದು ನುಸಿ ಅಳಿಯಿತು. ಕಂದಾಯದ ಲೆಕ್ಕವನ್ನು ನೋಡಿದರೆ ಇದರ ಕಾರಣ ಸ್ಪಷ್ಟವಾಗುತ್ತದೆ. ಮದರಾಸಿನ ರೈತವಾರಿ ಪದ್ಧತಿಯಲ್ಲಿ ನೀರಿಲ್ಲದೆ ಒಣಗಿದ ತರಿ ಬೆಳೆಗೆ ಜಮಾಬಂದಿಯ ಕಾಲದಲ್ಲಿ ವಜಾ ದೊರೆಯುವ ಮಾರ್ಗವಿತ್ತು. ಖುಷ್ಕಿ ಜಮೀನಿಗೆ ಸಾಮಾನ್ಯ ವರ್ಷಗಳಲ್ಲಿ ಆ ಅವಕಾಶವಿರಲಿಲ್ಲ. ಮಳೆಯಾಧಾರದ ಹಿಪ್ಪುನೇರಳೆ ಖುಷ್ಕಿಯದು. ಅದರ ಸೊಪ್ಪು ಏಕೆ ಕೆಟ್ಟಿತೆಂದು ವಿಚಾರಿಸುವ ಆವಶ್ಯಕತೆ ಅಧಿಕಾರಿಗೆ ಬೀಳುತ್ತಿರಲಿಲ್ಲ. ವಿಚಾರಿಸದ ವಿಷಯವನ್ನು ಬರೆಯುವವರು ಯಾರು? ೧೮೦೦ರಲ್ಲಿ ಕೊಳ್ಳೇಗಾಲ ಹನೂರುಗಳ ದಾರಿಯಾಗಿ ಕಾವೇರಿಪುರದ ಕಡೆಗೆ ಪ್ರಯಾಣಮಾಡಿದ ಫ್ರಾನ್ಸಿಸ್ ಬುಕಾನನ್ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದವನು. ಅವನು ಮಣ್ಣು, ಕೆರೆ, ಪೈರು, ದನಕರು, ಕೂಲಿಗಳನ್ನು ಕುರಿತು ವಿಚಾರಿಸಿದನು. ಅವನನ್ನು ಕಳುಹಿಸಿದ ವೆಲ್ಲೆಸ್ಲಿಗೆ ಬೇಕಾಗಿದ್ದುದು ಆ ವಿಷಯಗಳೇ. ೧೮೮೭ರಲ್ಲಿ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ಪ್ರಕಟಿಸಿದ ನಿಕಲ್ಸನ್ ಬೇಸಾಯದ ವಿಷಯದಲ್ಲಿ ನಿಜವಾದ ಆಸಕ್ತಿಯಿದ್ದ ಅಧಿಕಾರಿ. ಆದರೆ ಭಾರತದ ಥ್ರಿಪ್ಸ್‌ಗಳ ಕ್ರಮಬದ್ಧವಾದ ಅಧ್ಯಯನವೇ ಇನ್ನೂ ಆರಂಭವಾಗದಿದ್ದ ಆ ಕಾಲದಲ್ಲಿ ಅವನಿಂದ ಇದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ೧೮೯೯ರಲ್ಲಿ ಮದರಾಸು ಆಧಿಪತ್ಯದ ರೇಷ್ಮೆ ಬಟ್ಟೆಯ ಉದ್ಯಮವನ್ನು ಕುರಿತು ಬರೆದ ಎಡ್ಗರ್ ಥರ್ಸ್ಟನ್ನನ ದೃಷ್ಟಿಯು ಗ್ರಂಥದ ಹೆಸರೇ ಹೇಳುವಂತೆ ಬಟ್ಟೆಯ ಮೇಲಿತ್ತು.

ಮೈಸೂರಿನ ಕಡೆ ನೋಡಿದರೆ ಅಲ್ಲಿಯ ಗಮನವೆಲ್ಲವೂ ಹುಳುವಿನ ರೋಗದ ಮೇಲೆ. ಯೂರೋಪಿನ ರೇಷ್ಮೆಯನ್ನು ಹಾಳುಮಾಡುತ್ತಿದ್ದ ಗಂಟುರೋಗವನ್ನು ೧೮೬೫ರಿಂದ ಲೂಯಿ ಪಾಶ್ಚರ್ ಪರಿಶೀಲಿಸಿ, ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನು ಆರಿಸುವ ಕ್ರಮವನ್ನು ಕಂಡುಹಿಡಿದನು. ಅದೇ ಕಾಲದಲ್ಲಿ, ೧೮೬೬ರಲ್ಲಿ, ದೆ ವೆಕ್ಕಿ ಎಂಬ ಇಟಲಿಯವನು ಕೆಂಗೇರಿಯಲ್ಲಿ ನೂಲು ಬಿಚ್ಚುವ ಕಾರ್ಖಾನೆಯನ್ನು ಸ್ಥಾಪಿಸಿದನು. ಧಾತು ಈಶ್ವರ ಸಂವತ್ಸರಗಳ ಬರ, ಎಂದರೆ ೧೮೭೬–೭೮ರ ಕ್ಷಾಮವು, ಕಸಬಿನ ಬೆನ್ನು ಮುರಿಯಿತು. ಪುನರುಜ್ಜೀವನಕ್ಕಾಗಿ ಜೆ. ಎನ್. ಟಾಟಾ ಅವರು ೧೮೯೬ರಲ್ಲಿ ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ಕ್ಷೇತ್ರವನ್ನು ತೆರೆದರು. ಮುಂದೆ ಸಂಸ್ಥಾನದ ಸರ್ಕಾರವು ಇಟಲಿಯ ವಾಷಿಂಗ್ಟನ್ ಮಾರಿಯನ್ನೂ ಜಪಾನಿನ ಯೋನೆಮುರಾನನ್ನೂ ತಜ್ಞರನ್ನಾಗಿ ನೇಮಿಸಿಕೊಂಡು, ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ನಡೆಸಿತು. ಇವೆಲ್ಲವೂ ಶ್ಲಾಘ್ಯವಾದ ಕಾರ್ಯಗಳು. ಮಿಶ್ರತಳಿಯೂ ರೋಗರಹಿತ ಮೊಟ್ಟೆಯೂ ರೈತನಿಗೆ ದೊರೆತುದು ಇವುಗಳಿಂದಲೇ. ಆದರೆ ಸೂಕ್ಷ್ಮದರ್ಶಕವನ್ನು ಚಿಟ್ಟೆಯ ಮೇಲೆ ಹಿಡಿದವರ ಕಣ್ಣಿಗೆ ರೋಗವೇ ಮುಖ್ಯವಾಗಿ ಕಾಣುವುದು ಸಹಜ. ೧೯೧೭ರಲ್ಲಿ ಭಾರತದ ರೇಷ್ಮೆ ಉದ್ಯಮವನ್ನು ಕುರಿತು ಆನ್ಸೋರ್ಜ್‌ನೊಡನೆ ಬೃಹತ್ ವರದಿಯನ್ನು ಹೊರತಂದ ಮ್ಯಾಕ್ಸ್‌ವೆಲ್ ಲೆಫ್ರಾಯ್ ಸ್ವತಃ ಹೆಸರಾಂತ ಕೀಟಶಾಸ್ತ್ರಜ್ಞ, ೧೯೦೯ರಲ್ಲಿ ಭಾರತೀಯ ಕೀಟಗಳ ಮೇಲೆ ಪ್ರೌಢ ಗ್ರಂಥವನ್ನು ಬರೆದವನು. ಕೀಟಗಳನ್ನು ಬಲ್ಲವನಿಗೂ ರೇಷ್ಮೆಯ ವಿಚಾರ ಬಂದಾಗ ಒಪ್ಪಿಸಿದ ಕೆಲಸ ಒಂದು ಉದ್ಯಮದ ವಿಚಾರಣೆ!

ಇನ್ನೊಂದು ಸ್ವಾರಸ್ಯದ ಸಂಗತಿಯೆಂದರೆ, ದಕ್ಷಿಣ ಭಾರತದಲ್ಲಿ ಥ್ರಿಪ್ಸ್ ವಿದ್ಯೆಯ ತವರುಮನೆ ಕೊಯಮತ್ತೂರೇ ಆಗಿತ್ತು. ಅಲ್ಲಿಯ ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರದ ವಿಭಾಗ ಬೆಳೆಯಿತು. ಬೇನ್‌ಬ್ರಿಗ್ ಫ್ಲೆಚರ್ ದಕ್ಷಿಣ ಭಾರತದ ಕೀಟಗಳನ್ನು ಕುರಿತ ತನ್ನ ಗ್ರಂಥವನ್ನು ೧೯೧೪ರಲ್ಲಿ ಪ್ರಕಟಿಸಿದನು. ೧೯೧೯ರಲ್ಲಿ ಹುಡ್ ಎಂಬ ಅಮೆರಿಕದ ವಿದ್ವಾಂಸನು ಕೊಯಮತ್ತೂರಿನಲ್ಲಿ ಹರಳು ಮತ್ತು ಮೆಣಸಿನ ಗಿಡಗಳ ಮೇಲೆ ಹಿಡಿದ ಮಾದರಿಗಳಿಂದ ಸಿರ್ಟೋಥ್ರಿಪ್ಸ್ ಡಾರ್ಸಾಲಿಸ್ ಎಂಬ ಹೊಸ ಜಾತಿಯನ್ನು ವರ್ಣಿಸಿದನು. ಇಂದು ಜಗತ್ತಿನ ಹಲವು ದೇಶಗಳನ್ನು ಕಾಡುತ್ತಿರುವ ಮೆಣಸಿನ ಥ್ರಿಪ್ಸ್ ಇದೇ. ಟಿ. ವಿ. ರಾಮಕೃಷ್ಣ ಅಯ್ಯರ್ ಅವರು ೧೯೨೮ರಲ್ಲಿ ಭಾರತದ ಥ್ರಿಪ್ಸ್‌ಗಳ ಮೇಲೆ ಪ್ರಬಂಧವನ್ನೂ, ೧೯೪೦ರಲ್ಲಿ ದಕ್ಷಿಣ ಭಾರತದ ಕೃಷಿಕೀಟಗಳ ಕೈಪಿಡಿಯನ್ನೂ ಹೊರತಂದರು. ಮದರಾಸಿನ ಟಿ. ಎನ್. ಅನಂತಕೃಷ್ಣನ್ ಅವರು ಆ ಪರಂಪರೆಯನ್ನು ಮುಂದುವರಿಸಿ ೧೯೬೯ರಲ್ಲಿ ಭಾರತೀಯ ಥೈಸನಾಪ್ಟೆರದ ಮೇಲೆ ಗ್ರಂಥ ರಚಿಸಿದರು. ಹೀಗೆ ಥ್ರಿಪ್ಸನ್ನು ಬಲ್ಲವರು ಕೊಳ್ಳೇಗಾಲದ ಜಿಲ್ಲಾ ಕೇಂದ್ರದಲ್ಲಿಯೇ ಇದ್ದರು. ರೇಷ್ಮೆಯನ್ನು ಬಲ್ಲವರು ಯಳಂದೂರಿನ ಸಂಸ್ಥಾನದಲ್ಲಿದ್ದರು. ಜಿಲ್ಲೆಯ ಮುಖ್ಯ ಬೆಳೆಗಳಾದ ಹತ್ತಿ, ಜೋಳಗಳ ನಡುವೆ ದಿಂಬಂ ಘಾಟಿಯ ಈಚೆಗಿನ ಒಂದು ಕನ್ನಡ ತಾಲ್ಲೂಕಿನ ಹಿಪ್ಪುನೇರಳೆ ಕೊಯಮತ್ತೂರಿಗೆ ದೂರದ ವಿಷಯ. ಮೈಸೂರಿನ ಕೃಷಿ ಇಲಾಖೆಯಲ್ಲಿಯೂ ಲೆಸ್ಲಿ ಕೋಲ್ಮನ್, ಕುಞ್ಞಿ ಕಣ್ಣನ್ ಅವರಂಥ ಸಮರ್ಥರಿದ್ದರು. ಕೋಲ್ಮನ್ನರು ಅಡಕೆಯ ಕೊಳೆರೋಗದ ಮೇಲೆ ಮಾಡಿದ ಕೆಲಸವನ್ನು ಮಲೆನಾಡು ಇಂದಿಗೂ ನೆನೆಯುತ್ತದೆ. ಆದರೆ ರೇಷ್ಮೆಯು ಅಲ್ಲಿ ಬೇರೆಯೇ ಒಂದು ಶಾಖೆಯ ವ್ಯವಹಾರವಾಗಿತ್ತು. ಎರಡು ಸರ್ಕಾರಗಳ, ಎರಡು ಶಾಸ್ತ್ರಗಳ ನಡುವಣ ಸಂದಿಯಲ್ಲಿ ಸೊಪ್ಪು ಬಿದ್ದುಹೋಯಿತು.

ಇದರ ಪರಿಣಾಮವನ್ನು ಅನುಭವಿಸಿದವರು ಯಾರು? ಹುಳು ಸಾಕುವ ಮನೆಗಳಲ್ಲಿ ಸೊಪ್ಪು ಬಿಡಿಸುವುದು, ಹೆಚ್ಚುವುದು, ತಟ್ಟೆ ಬದಲಿಸುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಹುಳುವಿನ ಮನೆಗೆ ಮಡಿಯೂ ಉಂಟು. ಹೊರಗಿನವರನ್ನು ಬಿಡಬಾರದು, ಇಂಥ ದಿನ ಒಳಗೆ ಕಾಲಿಡಬಾರದು ಎಂಬ ಕಟ್ಟುಪಾಡುಗಳು ಉಂಟು. ಸೋಂಕನ್ನು ತಡೆಯುವ ದೃಷ್ಟಿಯಿಂದ ಇವುಗಳಲ್ಲಿ ಕೆಲವು ವಿವೇಕದವೇ ಆಗಿವೆ. ಆದರೆ ಹುಳು ಸಪ್ಪೆಯಾಗಿ ಬಿದ್ದುಹೋದಾಗ ಮಡಿ ಕೆಟ್ಟಿತು, ದೃಷ್ಟಿ ತಾಗಿತು ಎಂಬ ಮಾತು ಹೊರಡಲು ತಡವಾಗುವುದಿಲ್ಲ, ಮತ್ತು ಆ ಮಾತು ಹೆಚ್ಚಾಗಿ ಮನೆಯ ಸೊಸೆಯ ಕಡೆಗೇ ತಿರುಗುತ್ತದೆ. ಅಧಿಕಾರಿಯಾದವನು ಇದನ್ನೇ ನಾಗರಿಕವಾದ ಮಾತಿನಲ್ಲಿ ‘ಸಾಕಣೆಯ ಅಜಾಗರೂಕತೆ’ ಎನ್ನುತ್ತಾನೆ. ಎರಡು ತೀರ್ಪುಗಳೂ ಹುಳುವಿನ ಮನೆಯೊಳಗೇ ಅಪರಾಧಿಯನ್ನು ಹುಡುಕುತ್ತವೆ. ತೋಟದಲ್ಲಿ ಎಲೆಯನ್ನು ಮಗುಚಿ ನೋಡುವ ಗೋಜಿಗೆ ಹೋಗುವುದಿಲ್ಲ.

ಹೋಲಿಕೆಗಾಗಿ ಊಜಿ ನೊಣದ ಪ್ರಸಂಗವನ್ನು ನೋಡಬಹುದು. ಬಂಗಾಳದ ಕಡೆಯಿಂದ ಗೂಡಿನೊಂದಿಗೆ ಬಂದ ಈ ನೊಣವು ೧೯೮೦ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡಾಗ ರೇಷ್ಮೆ ಸೀಮೆಯೆಲ್ಲ ತಲ್ಲಣಿಸಿತು. ಅದು ಕಣ್ಣಿಗೆ ಕಾಣುವ ಶತ್ರು. ಹುಳುವಿನ ಮೈಮೇಲೆ ಕಪ್ಪು ಚುಕ್ಕೆಯ ಗುರುತನ್ನು ಬಿಡುತ್ತದೆ. ಆದ್ದರಿಂದ ಇಲಾಖೆಯೂ ರೈತನೂ ಕೂಡಲೆ ಕಾರ್ಯೋನ್ಮುಖರಾಗಿ ಕಿಟಕಿ ಬಾಗಿಲುಗಳಿಗೆ ಸೊಳ್ಳೆಪರದೆ ಬಂದಿತು. ಅಲ್ಲಿ ಯಾವ ಸೊಸೆಯ ಮೇಲೂ ತಪ್ಪು ಹೊರಿಸುವ ಅಗತ್ಯ ಬೀಳಲಿಲ್ಲ.

ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನ ಮತ್ತು ತರಬೇತಿ ಸಂಸ್ಥೆಯು ೧೯೬೧ರಲ್ಲಿ ಸ್ಥಾಪಿತವಾದ ಬಳಿಕ ಸೊಪ್ಪಿನ ಕೀಟಗಳಿಗೆ ತಕ್ಕ ಗಮನ ದೊರೆಯತೊಡಗಿತು. ಆದರೆ ಇಲ್ಲಿ ಬೇರೆ ಯಾವ ಬೆಳೆಗೂ ಇಲ್ಲದ ತೊಡಕೊಂದುಂಟು. ಹತ್ತಿಯ ಅಥವಾ ಮೆಣಸಿನ ರೈತನಿಗೆ ಕೀಟವೆಲ್ಲವೂ ಶತ್ರು. ರೇಷ್ಮೆಯವನಿಗೆ ತಾನು ಕೊಲ್ಲಬೇಕಾದುದೂ ಕೀಟ, ಸಾಕಬೇಕಾದುದೂ ಕೀಟ. ನುಸಿಗೆ ಹೊಡೆದ ಮದ್ದು ಸೊಪ್ಪಿನಲ್ಲಿ ಉಳಿದರೆ ಹುಳುವಿಗೆ ಮೃತ್ಯು. ಆದುದರಿಂದ ಬೇಗನೆ ಆರಿಹೋಗುವ ಡೈಕ್ಲೋರ್‌ವಾಸ್ ಎಂಬ ಔಷಧವನ್ನು ಬಹುಕಾಲ ಶಿಫಾರಸು ಮಾಡಲಾಯಿತು. ಸಿಂಪಡಿಸಿದ ಮೇಲೆ ಗೊತ್ತಾದ ದಿನಗಳು ಕಳೆಯುವವರೆಗೆ ಸೊಪ್ಪನ್ನು ಮುಟ್ಟಬಾರದೆಂಬುದು ನಿಯಮ. ಸೊಪ್ಪು ಸಾಲದೆ ಹುಳು ಬಾಯಿ ತೆರೆದುಕೊಂಡಿರುವಾಗ ದಿನಗಳನ್ನು ಎಣಿಸಿ ಕಾಯುವುದು ಸುಲಭವಲ್ಲ. ಪಕ್ಕದ ಹೊಲದವನು ಬೇರೊಂದು ಬೆಳೆಗೆ ಹೊಡೆದ ಮದ್ದು ಗಾಳಿಯಲ್ಲಿ ಬಂದರಂತೂ ಜಗಳಕ್ಕೆ ಮೊದಲು. ೨೦೨೦ರ ಡಿಸೆಂಬರ್ ೩೧ರಿಂದ ಈ ಔಷಧದ ಬಳಕೆಯೇ ದೇಶದಲ್ಲಿ ನಿಷಿದ್ಧವಾಯಿತು.

ಈ ನಡುವೆ ಚಾಮರಾಜನಗರ ಜಿಲ್ಲೆಯಲ್ಲಿ ಹಿಪ್ಪುನೇರಳೆಯ ವಿಸ್ತೀರ್ಣವು ಹಿಂದಿಗಿಂತ ಬಹಳ ಕುಗ್ಗಿದೆ. ಬೆಲೆಯ ಏರಿಳಿತ, ಚೀನಾದ ನೂಲು, ಊಜಿ, ನೀರು, ಕೂಲಿ ಎಂದು ಇದಕ್ಕೆ ಕಾರಣಗಳನ್ನು ಕೊಡುವುದು ವಾಡಿಕೆ, ಅವೆಲ್ಲವೂ ಸತ್ಯವೇ. ಹಿಪ್ಪುನೇರಳೆ ಹೋದ ಕಡೆ ಮುಸುಕಿನ ಜೋಳ, ಅರಿಸಿನ, ಮೆಣಸಿನಕಾಯಿಗಳು ಕಾಣುತ್ತವೆ. ಮೆಣಸಿನ ಬೆನ್ನಿಗೂ ನುಸಿ ತಪ್ಪಿದ್ದಲ್ಲ. ಆಗ್ನೇಯ ಏಷ್ಯದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಜಾತಿಯು ಬೆಂಗಳೂರಿನಲ್ಲಿ ಪಪಾಯಿಯ ಮೇಲೆ ದೊರೆತುದು ೨೦೧೫ರಲ್ಲಿ ವರದಿಯಾಯಿತು. ೨೦೨೧ರಲ್ಲಿ ಅದು ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಲ್ಲಿ ಹೂವಿನೊಳಗೇ ಸೇರಿಕೊಂಡು ಘೋರವಾದ ಹಾನಿ ಮಾಡಿತು. ಈ ಸಲ ಕೀಟದ ಹೆಸರು ವೃತ್ತಪತ್ರಿಕೆಗಳಲ್ಲಿ ಬಂದಿತು, ತಜ್ಞರ ತಂಡಗಳು ಹೊಲಗಳಿಗೆ ಇಳಿದುವು. ನೂರು ವರ್ಷಗಳ ಹಿಂದಿನ ರೇಷ್ಮೆ ರೈತನಿಗೆ ಈ ಭಾಗ್ಯವಿರಲಿಲ್ಲ.

ಹಿಂದಿನದನ್ನು ತಿಳಿಯಲು ಮಾರ್ಗವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಮಳೆಯ ದಿನವಹಿ ಲೆಕ್ಕವನ್ನೂ ಗೂಡಿನ ಮಾರುಕಟ್ಟೆಗೆ ತಿಂಗಳು ತಿಂಗಳಿಗೂ ಬಂದ ಮಾಲಿನ ಲೆಕ್ಕವನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ಓದಬಹುದು. ಸೊಪ್ಪಿನ ಮೊತ್ತ ಸಾಕಷ್ಟಿದ್ದೂ ಗೂಡಿನ ತೂಕ ಬಿದ್ದ ಬೇಸಗೆಗಳು ಎಲ್ಲಿ ಸಿಗುತ್ತವೆಯೋ ಅಲ್ಲಿ ಬರವೊಂದೇ ಕಾರಣವೆಂಬ ವಿವರಣೆ ಸಡಿಲವಾಗುತ್ತದೆ. ಮೊಟ್ಟೆಯನ್ನು ಕೊಟ್ಟ ಕೇಂದ್ರದ ವಹಿಯಲ್ಲಿ ರೋಗದ ಪರೀಕ್ಷೆ ಶುದ್ಧವಾಗಿದ್ದರೆ ಅದು ಇನ್ನಷ್ಟು ಸಡಿಲವಾಗುತ್ತದೆ. ಬೇಸಾಯದ ರೂಢಿಗಳೂ ಒಂದು ಬಗೆಯ ದಾಖಲೆಯೇ. ಮುಂಗಾರಿಗೆ ಗಿಡವನ್ನು ಬುಡದವರೆಗೆ ಸವರಿ, ಸಾಲುಗಳ ನಡುವೆ ಆಳವಾಗಿ ಅಗೆದು ಮಣ್ಣನ್ನು ಮಗುಚಿ ಬಿಸಿಲಿಗೆ ಒಡ್ಡುವ ಪದ್ಧತಿಯನ್ನು ಗೊಬ್ಬರ ಕಳೆಗಳ ದೃಷ್ಟಿಯಿಂದ ವಿವರಿಸುವುದು ಸಾಮಾನ್ಯ. ಮಣ್ಣಿನಲ್ಲಿ ಅಡಗಿದ ನುಸಿಯ ಕೋಶಗಳು ಆ ಬಿಸಿಲಿಗೆ ಸಾಯುತ್ತವೆಂದು ಇಂದಿನ ಕೀಟಶಾಸ್ತ್ರಜ್ಞರು ಹೇಳುತ್ತಾರೆ. ಗಿಡದ ಮೇಲಿನಿಂದ ನೀರು ಚಿಮುಕಿಸಿ ಎಲೆಯನ್ನು ತೊಳೆಯಬೇಕೆಂ‌ಬುದೂ ಅವರ ಸಲಹೆ. ಅಗೆತದ ಕೂಲಿಗೆ ಮನೆಯ ಲೆಕ್ಕದ ಪುಸ್ತಕದಲ್ಲಿ ಯಾವ ವರ್ಷ ಎಷ್ಟು ಬರೆದಿದೆ, ಯಾವ ವರ್ಷ ಅದು ತಪ್ಪಿತು, ಮರುವರ್ಷದ ಗೂಡು ಹೇಗಿತ್ತು ಎಂದು ಕೊಳ್ಳೇಗಾಲ ಯಳಂದೂರುಗಳ ಹಳೆಯ ರೇಷ್ಮೆ ಮನೆತನಗಳ ಕಡತಗಳಲ್ಲಿ ನೋಡುವ ಕೆಲಸಕ್ಕೆ ಸ್ನಾತಕೋತ್ತರ ವಿದ್ಯಾರ್ಥಿಗಳು ತೊಡಗಬಹುದು.